ಅಮೆರಿಕದ ಮಳೆ, ನಮ್ಮ ಅಟ್ಟದ ಕಾಯಿ

ನನ್ನ ಬರವಣಿಗೆಯ ಬಗ್ಗೆ ನನಗೆ ಎಂದೂ ಅನುಮಾನ ಇರಲಿಲ್ಲ. ಮಿಡ್ಲ್ ಸ್ಕೂಲಿನ ಮೇಷ್ಟ್ರು ನಾನು. ಊರಿನ ಅರ್ಧ ಅರ್ಜಿಗಳು ನಾನು ಬರೆದವೇ. ಹೆಂಡತಿಗೆ ಒಂದು ಕಾಗದ ಬರೆಯುವುದು ಯಾವ ಮಹಾ ಕೆಲಸ!

ನನ್ನ ಹೆಂಡತಿ ಜಯಮ್ಮ ತಂಗಿಯ ಬಾಣಂತನಕ್ಕೆಂದು ತವರು ಕಂದಿಕೆರೆಗೆ ಹೋಗಿದ್ದಳು. ಹದಿನೈದು ದಿನ ಎಂದವಳು ಒಂದೂವರೆ ತಿಂಗಳಾದರೂ ಬರಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ಸಂಜೆ ಬೀಗ ತೆಗೆಯುವಾಗ ಒಳಗಿನಿಂದ "ಬಂದ್ರಾ?" ಅನ್ನುವ ದನಿಗಾಗಿ ಕಿವಿ ಸುಮ್ಮನೆ ಕಾಯುತ್ತಿತ್ತು. ಆದರೆ 'ನೀನಿಲ್ಲದೆ ಆಗುತ್ತಿಲ್ಲ, ಬಾ' ಎಂದು ಬರೆಯುವುದು ಹೇಗೆ? ಅಲ್ಲಿ ಯಾರಿಗೆ ಕಾಗದ ಬಂದರೂ ಮಾವನವರೇ ಒಡೆದು, ಜಗಲಿಯಲ್ಲಿ ಕೂತು, ಬೀದಿಗೆಲ್ಲ ಕೇಳುವಂತೆ ಓದುತ್ತಿದ್ದರು!

ಆ ವಾರ ಲೈಬ್ರರಿಯಿಂದ ಒಂದು ಪುಸ್ತಕ ತಂದಿದ್ದೆ. ಹಿಂದಿನ ಕಾಲದಲ್ಲಿ ಅಮೆರಿಕದ ಕಾಡುಮೇಡು ಶೋಧಿಸಲು ಹೊರಟವರ ದಿನಚರಿಗಳ ಕುರಿತದ್ದು. ಮನೆಮಠ ಬಿಟ್ಟು ಬಂದ ಆ ಗಂಡಸರು ಹೆಂಡತಿಯ ಮಾತೇ ಎತ್ತುತ್ತಿರಲಿಲ್ಲ. ಬರೀ ಮಳೆ. ಇವತ್ತೂ ಮಳೆ, ಬಟ್ಟೆ ಒದ್ದೆ, ಹಾಸಿಗೆ ಒದ್ದೆ. ಓದುತ್ತಾ ನನ್ನ ಕಣ್ಣು ತುಂಬಿತು. ಇವರು ಬರೆದದ್ದು ಮಳೆಯನ್ನಲ್ಲ, ಮನೆಯ ನೆನಪನ್ನು! ಮಾವನವರು ಗಟ್ಟಿಯಾಗಿ ಓದಬಹುದಾದ ಪ್ರೇಮಪತ್ರದ ಮಾದರಿ ಸಿಕ್ಕಿತು.

ಕೂಡಲೇ ಇನ್‌ಲ್ಯಾಂಡ್ ಕಾಗದ ತೆಗೆದೆ. "ಸೋಮವಾರ, ಮಳೆ. ಮಂಗಳವಾರ, ಬಿಡದೆ ಮಳೆ. ಬುಧವಾರ, ಮನೆಯೊಳಗೆಲ್ಲ ಒದ್ದೆ. ಎಂದಿಗೆ ಬಿಸಿಲು ಕಂಡೇನೋ ತಿಳಿಯದು." ಹೊರಗೆ ರಣಬಿಸಿಲು!

ಭಾನುವಾರ ಮೊದಲ ಬಸ್ಸಿಗೇ ಜಯಮ್ಮ ಬಂದಳು. ನನ್ನ ಎದೆ ಹಿಗ್ಗಿತು. ಅವಳ ಹಿಂದೆ ಮಾವನವರು, ಇಬ್ಬರು ಭಾವಮೈದುನರು, ಒಂದು ಟಾರ್ಪಾಲು. ಅವಳು ನನ್ನ ಮುಖ ಕೂಡ ನೋಡದೆ ಅಟ್ಟದ ಏಣಿ ಹತ್ತಿದಳು.

"ಎಲ್ಲಿ ಸೋರ್ತೈತ್ರೀ? ಹತ್ತು ತಿಂಗಳಿಂದ ಒಣಗ್ತಿರೋ ಕಾಯಿ ಕಣ್ರೀ! ನೀರು ತಾಕುದ್ರೆ ಕೊಬ್ರಿ ಆದಂಗೇ ಬುಡಿ!"

ನಮ್ಮ ಕಡೆ ಮನೆಯೊಳಗೆ ಒದ್ದೆ ಎಂದರೆ ಮೊದಲು ನೆನಪಾಗುವುದು ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಒಣಗಲು ಬಿಟ್ಟ ತೆಂಗಿನಕಾಯಿ. ಗಂಡ ಆಮೇಲೆ. ಅಮೆರಿಕದವರಿಗೆ ಇದು ಗೊತ್ತಿರಲಿಲ್ಲ, ನನಗಾದರೂ ಗೊತ್ತಿರಬೇಕಿತ್ತು!

"ಒಣಗೇ ಐತಲ್ಲ..." ಅಂದೆ ಮೆಲ್ಲಗೆ.

"ಮ್ಯಾಲೆ ಒಣಗಿರ್ತೈತೆ ಮೇಷ್ಟ್ರೇ, ಅಡೀಲಿ ಪಸೆ ಇರ್ತೈತೆ" ಅಂದರು ಮಾವ. "ಇಳಿಸ್ರಲಾ ಎಲ್ಲಾನೂವೆ!"

ನಿಜ ಹೇಳಲು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಯಾರೋ ಕಾಯಿ ತುಂಬಿದ ಮಂಕರಿ ಕೈಗೆ ಕೊಟ್ಟರು. ಮಧ್ಯಾಹ್ನಕ್ಕೆ ಕಾಯಿಯೆಲ್ಲ ಅಂಗಳದ ಬಿಸಿಲಿನಲ್ಲಿತ್ತು. ಊಟಕ್ಕೆ ಕೂತೆವು.

ಆಗ ಗುಡುಗಿತು!

ಟಾರ್ಪಾಲು ಅರ್ಧಕ್ಕೂ ಸಾಲಲಿಲ್ಲ. ಸುರಿವ ಮಳೆಯಲ್ಲಿ ಕಾಯಿ ಬಾಚುತ್ತಾ ಜಯಮ್ಮನಿಗೆ ಹೇಳಿಬಿಟ್ಟೆ. "ಮಳೆ ಬಂದೇ ಇರ್ಲಿಲ್ಲ ಕಣೇ. ನೀನು ಬರ್ಲಿ ಅಂತ ಬರೆದೆ."

ಅವಳು ಸೆರಗು ತುಂಬ ಕಾಯಿ ಹಿಡಿದು ನನ್ನನ್ನೇ ನೋಡಿದಳು. ಒಂದೂವರೆ ತಿಂಗಳಿಗೆ ಮೊದಲ ಸಲ! "ಬಾ ಅಂತ ಬರ್ದಿದ್ರೆ ಬತ್ತಿರ್ಲಿಲ್ವಾ?" ಅಂದಳು.

ಎರಡು ದಿನ ಕಾಯಿ ಒಣಗಿಸಿ, ಕೆಟ್ಟದ್ದನ್ನು ಆರಿಸಿ ತೆಗೆದು, ಉಳಿದದ್ದನ್ನು ಅಟ್ಟಕ್ಕೇರಿಸಿ, ಬಾಣಂತಿ ಕಾಯುತ್ತಿದ್ದಾಳೆಂದು ಎಲ್ಲರ ಜೊತೆ ಹೊರಟೇ ಹೋದಳು. ಮನೆ ಮತ್ತೆ ಬಿಕೋ ಎಂದಿತು. ಈ ಸಲ ನಾಚಿಕೆ ಬಿಟ್ಟು ನೆಟ್ಟಗೆ ಬರೆದೆ. "ನೀನಿಲ್ಲದೆ ಆಗುತ್ತಿಲ್ಲ, ಬಾ."

ವಾರದೊಳಗೆ ಉತ್ತರ ಬಂತು. ಅಕ್ಷರ ಮಾವನವರದು.

"ಕಾಗದ ಎಲ್ಲರಿಗೂ ಓದಿ ಹೇಳಿದೆ. ನಿಜ ತಿಳಿಸಿ ಮೇಷ್ಟ್ರೇ, ಅಟ್ಟ ಮತ್ತೆ ಸೋರುತ್ತಿದೆಯೇ?"