ಟೀವಿ ಗೇಮು, ಕಂಪ್ಯೂಟರು ಮತ್ತು ಎರಡನೆಯ ಚೀಟಿ

ಗಣಿತದ ಮಾಸ್ತರರು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯೊಂದು ನಮ್ಮ ಕಡೆ ಇದೆ. ಇದನ್ನು ಹುಟ್ಟಿಸಿದವರು ಗಣಿತದ ಮಾಸ್ತರರೇ ಇರಬೇಕು. ಕನ್ನಡದ ಮಾಸ್ತರರು ಪಾಠದಲ್ಲಿ ನಾಲ್ಕು ಮಾತು ಹೆಚ್ಚಿಗೆ ಸೇರಿಸಿದರೆ ಅದನ್ನು ರಸವತ್ತಾಗಿದೆ ಎನ್ನುತ್ತಾರೆ, ಇತಿಹಾಸದವರು ಸೇರಿಸಿದರೆ ಕಥೆ ಚೆನ್ನಾಗಿ ಹೇಳುತ್ತಾರೆ ಎನ್ನುತ್ತಾರೆ, ನಾವು ಸೇರಿಸಿದರೆ ಮಾತ್ರ ಉತ್ತರ ತಪ್ಪುತ್ತದೆ. ಹೀಗಾಗಿ ಹಾನಗಲ್ಲಿನ ಹೈಸ್ಕೂಲಿನಲ್ಲಿ ಹದಿನೈದು ವರ್ಷ ಗಣಿತ ಕಲಿಸಿದ ನಾನು ಊರಲ್ಲಿ ನೇರ ಮನುಷ್ಯ ಎನಿಸಿಕೊಂಡಿದ್ದೆ. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಸರಪಳಿ ಹಿಡಿದು ಅಳೆಯಲು ನನ್ನನ್ನೇ ಕರೆಯುತ್ತಿದ್ದರು. ಅಂಥ ಹೆಸರನ್ನು ನಾನು ಕಳೆದುಕೊಂಡದ್ದು ಒಂದು ಟೀವಿ ಗೇಮಿನ ಆಸೆಗೆ. ಅದೂ ಮೂರೇ ನಿಮಿಷದಲ್ಲಿ, ಅಂಚೆ ಕಚೇರಿಯ ನಡುಮಧ್ಯೆ ನಿಂತು, ನನ್ನದೇ ಬಾಯಿಂದ.

ಆಗ ನಮ್ಮ ಊರಿಗೆ ಟೀವಿ ಬಂದು ಮೂರು ನಾಲ್ಕು ವರ್ಷವಾಗಿತ್ತು. ನನ್ನ ಹೆಂಡತಿ ಇಂದಿರಾಳ ತಮ್ಮ ಗುರುರಾಜ ಮುಂಬಯಿಯ ಒಂದು ಕಂಪನಿಯಲ್ಲಿ ಕೆಲಸದಲ್ಲಿದ್ದ. ಏಳನೆಯ ಇಯತ್ತೆಯ ಪರೀಕ್ಷೆಯಲ್ಲಿ ಶಾಲೆಗೆ ಮೊದಲು ಬಂದರೆ ಏನಾದರೂ ದೊಡ್ಡದನ್ನೇ ತಂದುಕೊಡುತ್ತೇನೆಂದು ಅವನು ನಮ್ಮ ಒಬ್ಬಳೇ ಮಗಳು ಸುಮನಾಳಿಗೆ ಮಾತು ಕೊಟ್ಟಿದ್ದ. ಅವಳು ಮೊದಲು ಬಂದಳು. ಅವನ ಇನ್‌ಲ್ಯಾಂಡ್ ಪತ್ರವೂ ಬಂತು. ಅಂಗಡಿಯಲ್ಲಿ ಎರಡು ವಸ್ತುಗಳಿವೆ, ಎರಡನ್ನೂ ಟೀವಿಗೆ ಹಚ್ಚಬೇಕು, ಎರಡಕ್ಕೂ ಬೆಲೆ ಒಂದೇ. ಮೊದಲನೆಯದು ಟೀವಿ ಗೇಮು, ಅದರಲ್ಲಿ ಆಟ ಬಿಟ್ಟರೆ ಬೇರೇನೂ ಇಲ್ಲ. ಎರಡನೆಯದು ಕಂಪ್ಯೂಟರು, ಅದರಲ್ಲಿ ಆಟವನ್ನೂ ಆಡಬಹುದು, ಆದರೆ ಅದಕ್ಕೆ ಮೊದಲು ನಾವೇ ಒಂದಿಷ್ಟು ಕಲಿಸಬೇಕು. ಗುರುವಾರ ರೈಲು ಹತ್ತುತ್ತೇನೆ, ಮಂಗಳವಾರದೊಳಗೆ ತಂತಿ ಕೊಡಿ, ಅಂಗಡಿಯವನು ಒಮ್ಮೆ ಕೊಟ್ಟ ಸಾಮಾನನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಪತ್ರದ ಸಾರಾಂಶ ಇಷ್ಟು.

ಇಲ್ಲಿ ನಾನು ಒಂದು ಗುಟ್ಟು ಹೇಳಬೇಕು. ಆ ಬೇಸಿಗೆಯಲ್ಲಿ ಪೇಪರು ತಿದ್ದಲು ಹೋದಾಗ ಶಿಗ್ಗಾಂವಿಯ ಡ್ರಾಯಿಂಗ್ ಮಾಸ್ತರರೊಬ್ಬರ ಪರಿಚಯವಾಗಿ, ಬರುವ ದಾರಿಯಲ್ಲಿ ಅವರ ಮನೆಗೆ ಚಹಕ್ಕೆ ಇಳಿದಿದ್ದೆ. ಅವರ ಮನೆಯಲ್ಲಿ ಟೀವಿ ಗೇಮು ಇತ್ತು. ಪರದೆಯ ಈಚೆಗೊಂದು ಕೋಲು, ಆಚೆಗೊಂದು ಕೋಲು, ನಡುವೆ ಟಕ್ ಟಕ್ ಎಂದು ಓಡಾಡುವ ಚೆಂಡು. ಚೆಂಡು ಹೊರಡುವ ಕೋನ, ಬಡಿದು ತಿರುಗುವ ಕೋನ, ಇವುಗಳನ್ನು ಹದಿನೈದು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಆದರೂ ಅವರ ಇಪ್ಪತ್ತೊಂದಕ್ಕೆ ಎರಡೇ ಅಂಕ ಗಳಿಸಿ ಸೋತೆ. ಆ ಎರಡೂ ಅವರು ಬಾಯಿಗೆ ಚಹದ ಕಪ್ಪು ಎತ್ತಿದಾಗ ಸಿಕ್ಕವು. "ಇರ್ಲಿ ಬಿಡ್ರಿ, ಗಣಿತಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದು ಅವರು ಸಮಾಧಾನ ಹೇಳಿದರು. ಆ ಸಮಾಧಾನವನ್ನು ನಾನು ಮರೆಯಲಿಲ್ಲ. ಮನೆಯಲ್ಲೊಂದು ಗೇಮು ಇಟ್ಟುಕೊಂಡು ಆರು ತಿಂಗಳು ತಾಲೀಮು ಮಾಡಿ ಮತ್ತೊಮ್ಮೆ ಶಿಗ್ಗಾಂವಿಯಲ್ಲಿ ಇಳಿಯಬೇಕು ಎಂಬುದೊಂದೇ ನನ್ನ ತಲೆಯಲ್ಲಿ ಕೂತಿತ್ತು.

ಆದರೆ ಹೈಸ್ಕೂಲು ಮಾಸ್ತರನಾದವನು ಬಾಯಿಬಿಟ್ಟು ಆಟದ ಸಾಮಾನು ಬೇಕು ಎನ್ನುವುದು ಹೇಗೆ? ಇಂದಿರಾ ಪತ್ರ ಓದಿದವಳೇ, "ಕಂಪ್ಯೂಟರ್ ತರ್ಲಿ. ಮುಂದ ಎಲ್ಲಾ ಅದರ ಮ್ಯಾಲೆನ ನಡೀತದಂತ" ಎಂದಳು. ನಾನು ಹೌದೆಂದೆ. ಹೌದೆಂದು ತುಸು ಹೊತ್ತು ಬಿಟ್ಟು, ಕಂಪ್ಯೂಟರಿಗೆ ತಂಪು ಕೋಣೆ ಬೇಕಾಗುತ್ತದಂತೆ, ಧೂಳು ಆಗದಂತೆ, ಅದಿರುವ ಕೋಣೆಗೆ ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು ಹೋಗಬೇಕಂತೆ ಎಂದು ಒಂದೊಂದೇ ಅಡ್ಡಿ ತೆಗೆದೆ. ಕೇಳುತ್ತ ಕುಳಿತಿದ್ದ ನಮ್ಮವ್ವ, "ಹಂಗಾರ ಅದು ಮಡಿಯೊಳಗಿನ ವಸ್ತು ಅನ್ನು. ಛೊಲೋ ಆತು, ಅದನ್ನ ತರ್ಸು" ಎಂದುಬಿಟ್ಟಳು. ನನ್ನ ಬಾಣ ನನಗೇ ತಿರುಗಿತು. ಮೂರು ದಿನ ಇದೇ ಚರ್ಚೆ. ಆ ಮೂರು ದಿನವೂ ಸುಮನಾ ಅಲ್ಲೇ ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದಳು. ಉಡುಗೊರೆ ಅವಳದು. ನಿನಗೆ ಯಾವುದು ಬೇಕೆಂದು ಅವಳನ್ನು ಕೇಳುವುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕೊನೆಗೆ ಅವ್ವನೇ, "ಜಗಳಾ ಯಾಕ? ದೇವರ ಮುಂದ ಚೀಟಿ ಹಾಕ್ರಿ. ಕನ್ಯಾ ಹುಡುಗಿ ಅದಾಳ, ಸುಮಿ ಎತ್ತಲಿ" ಎಂದಳು. ನಮ್ಮ ಮನೆಯಲ್ಲಿ ದೊಡ್ಡ ತಂಟೆಗಳೆಲ್ಲ ಹೀಗೇ ತೀರುತ್ತಿದ್ದವು. ಚೀಟಿ ಎತ್ತಿದ ಮೇಲೆ ಅದು ನಮ್ಮ ಮನೆದೇವರು ವೆಂಕಪ್ಪನ ಮಾತು, ಅದಕ್ಕೆ ಎದುರಿಲ್ಲ. ಎತ್ತದೆ ಉಳಿದ ಚೀಟಿಯನ್ನು ಬಿಚ್ಚಿ ನೋಡುವ ಪದ್ಧತಿಯೂ ಇಲ್ಲ, ನೋಡಿದರೆ ದೇವರ ಮೇಲೆ ಸಂಶಯಪಟ್ಟಂತೆ. ಚೀಟಿ ಬರೆಯುವ ಕೆಲಸ ಊರಿಗೇ ನೇರ ಮನುಷ್ಯನಾದ ನನ್ನ ಪಾಲಿಗೆ ಬಂತು. ಸೋಮವಾರ ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಒಬ್ಬನೇ ಕುಳಿತು, ಎರಡೂ ಚೀಟಿಗಳ ಮೇಲೆ ದುಂಡಗೆ 'ಟೀವಿ ಗೇಮು' ಎಂದು ಬರೆದೆ. ಒಂದು ಅಕ್ಷರವೂ ಕೆಡಲಿಲ್ಲ.

ಅವ್ವ ಮಡಿಯಲ್ಲಿದ್ದಳು. ನಾನು ದೇವರ ಮನೆಯ ಹೊಸ್ತಿಲ ಹೊರಗೆ ನಿಂತು ಚೀಟಿಗಳನ್ನು ಮೇಲಿನಿಂದ ತಾಮ್ರದ ತಟ್ಟೆಗೆ ಉದುರಿಸಿದೆ. ಅವಳು ತುಳಸಿಯಿಂದ ನೀರು ಪ್ರೋಕ್ಷಿಸಿ ಅವನ್ನೂ ಮಡಿ ಮಾಡಿಕೊಂಡಳು. ಮಡಿ ಲಂಗ ಉಟ್ಟಿದ್ದ ಸುಮನಾ ಕಣ್ಣು ಮುಚ್ಚಿ ಒಂದನ್ನು ಎತ್ತಿ ಬಿಚ್ಚಿದಳು. "ಟೀವಿ ಗೇಮು" ಎಂದು ಓದಿದಳು. ನಾನು ಮುಖ ಸಣ್ಣದು ಮಾಡಿಕೊಂಡು, "ಏನ್ ಮಾಡೋದು, ದೇವರ ಇಚ್ಛಾ" ಎಂದೆ. ಅಲ್ಲಿಯತನಕ ಎಲ್ಲವೂ ಕರಾರುವಾಕ್ಕಾಗಿ ನಡೆದಿತ್ತು. ಇನ್ನು ಉಳಿದ ಚೀಟಿಯನ್ನು ಎತ್ತಿ ಕಿಸೆಗೆ ಹಾಕಿಕೊಂಡರೆ ಮುಗಿಯಿತೆಂದು ಕೈ ಚಾಚಿ ಹೊಸ್ತಿಲ ಒಳಗೆ ಕಾಲಿಟ್ಟೆ.

"ಏ ಏ, ಮುಟ್ಟಬ್ಯಾಡ!" ಎಂದು ಅವ್ವ ಚೀರಿದಳು. "ಪ್ಯಾಂಟು ಹಾಕ್ಕೊಂಡು ದೇವರ ಮನಿಯೊಳಗ ಬರ್ತೀ? ಬುದ್ಧಿ ಎಲ್ಲಿ ಇಟ್ಟೀ?"

ಶಾಲೆಗೆ ಹೊರಡುವ ಅವಸರದಲ್ಲಿ ನಾನು ಟೆರಿಲೀನ್ ಪ್ಯಾಂಟು ಹಾಕಿಕೊಂಡಿದ್ದೆ. ಮೋಸದ ಲೆಕ್ಕವನ್ನೆಲ್ಲ ಸರಿಯಾಗಿ ಹಾಕಿದ್ದೆ, ಮಡಿಯನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಮರೆತಿದ್ದೆ. ಪ್ಯಾಂಟು ಕಳೆದು ಮತ್ತೆ ಸ್ನಾನ ಮಾಡಿ ಮಡಿ ಉಟ್ಟು ಬರೋಣವೆಂದರೆ, ಒಂದು ಚೀಟಿಗೆ ಇಷ್ಟೇಕೆ ಒದ್ದಾಟ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಂದಿರಾ ಆಗಲೇ ನನ್ನನ್ನು ಒಂದು ಥರ ನೋಡುತ್ತಿದ್ದಳು. ನಾನು ಚೀಟಿಯನ್ನು ವೆಂಕಪ್ಪನ ವಶಕ್ಕೆ ಬಿಟ್ಟು ಹೊರಟೆ. ದಾರಿಯಲ್ಲಿ ಅಂಚೆ ಕಚೇರಿಗೆ ಹೋಗಿ ತಂತಿ ಕೊಟ್ಟೆ. ಸುಳ್ಳಿಗೆ ಬುನಾದಿ ಗಟ್ಟಿಯಿರಲೆಂದು 'ದೇವರ ಚೀಟಿಯಂತೆ ಟೀವಿ ಗೇಮು' ಎಂದೇ ಬರೆಸಿದೆ. ಈ ಹೆಚ್ಚಿನ ಶಬ್ದಗಳು ಮುಂದೆ ನನ್ನ ಕುತ್ತಿಗೆಗೇ ಬಂದವು.

ಆ ದಿನ ನಾನು ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಕಣ್ಣ ಮುಂದೆ ತಾಮ್ರದ ತಟ್ಟೆ, ಅದರಲ್ಲೊಂದು ಚೀಟಿ, ಅದರ ಸುತ್ತ ಓಡಾಡುವ ಇಂದಿರಾ. ಬೋರ್ಡಿನ ಮೇಲೆ ಸಮೀಕರಣ ಬರೆದು ತಿರುಗಿದರೆ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಸರ್, ಎರಡೂ ಕಡೆ ಒಂದ ಬರದೀರಿ" ಎಂದಳು. ನಾನು ಗಡಬಡಿಸಿ ಇಡೀ ಬೋರ್ಡನ್ನೇ ಒರೆಸಿಬಿಟ್ಟೆ.

ಸಂಜೆ ಓಡೋಡಿ ಬಂದು ಹೊಸ್ತಿಲಲ್ಲೇ ನಿಂತು ಇಣುಕಿದರೆ ತಟ್ಟೆ ಖಾಲಿ. ಅವ್ವನನ್ನು ಮೆಲ್ಲಗೆ ಕೇಳಿದೆ. "ನಿರ್ಮಾಲ್ಯದ ಜೋಡಿ ತುಳಸಿ ಬುಡಕ್ಕ ಹೋಗಿರಬೇಕು" ಎಂದಳು. ತುಳಸಿ ಕಟ್ಟೆಗೆ ಹೋಗಿ ಬಾಡಿದ ಹೂವನ್ನೆಲ್ಲ ಕಡ್ಡಿಯಿಂದ ಕೆದಕಿದೆ. "ಏನ್ ಹುಡುಕ್ಲಿಕ್ಕತ್ತೀರಿ?" ಎಂದು ಬೆನ್ನ ಹಿಂದೆ ಇಂದಿರಾಳ ದನಿ. "ಪೆನ್ನಿನ ಟೊಪಿಗಿ" ಎಂದೆ. ಪೆನ್ನು ಟೊಪಿಗೆಯ ಸಮೇತ ಕಿಸೆಯಲ್ಲೇ ಎದ್ದು ಕಾಣುತ್ತಿತ್ತು. ಅವಳು ಆ ಪೆನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಅವ್ವನಲ್ಲ, ಇಂದಿರಾ ಅಲ್ಲ ಎಂದ ಮೇಲೆ ಉಳಿದವಳು ಒಬ್ಬಳೇ. ಸುಮನಾ ಹೂವು ತರಲು ಹೋಗಿದ್ದಳು. ನಾನು ಕಳ್ಳನ ಹಾಗೆ ಅವಳ ಪಾಟೀಚೀಲಕ್ಕೆ ಕೈ ಹಾಕಿದೆ. ಒಂದು ಉದ್ದನೆಯ ನೋಟುಬುಕ್ಕಿನ ನಡುವೆ, ಪುಟದ ಗುರುತಿಗೆ ಇಟ್ಟ ಹಾಗೆ, ನೀಟಾಗಿ ಮಡಿಕೆ ಬಿಡಿಸಿದ ನನ್ನ ಎರಡನೆಯ ಚೀಟಿ ಇತ್ತು. ಮಗಳು ಅದನ್ನು ಓದಿದ್ದಳು, ಇಡೀ ದಿನ ಯಾರ ಮುಂದೆಯೂ ತುಟಿ ಎರಡು ಮಾಡಿರಲಿಲ್ಲ. ಆ ನೋಟುಬುಕ್ಕು ಯಾವುದೆಂದು ನೋಡಿದೆ. ಹಿಂದಿನ ವರ್ಷ ಗುರುರಾಜ ಗಾಜಿನ ಬಟ್ಟಲುಗಳನ್ನು ಯಾವುದೋ ಇಂಗ್ಲಿಷ್ ಮಾಸಿಕದ ಹಾಳೆಗಳಲ್ಲಿ ಸುತ್ತಿ ಕಳಿಸಿದ್ದ. ಆ ಹಾಳೆಗಳಲ್ಲಿದ್ದ ಕಂಪ್ಯೂಟರಿನ ಪ್ರೋಗ್ರಾಮುಗಳನ್ನೆಲ್ಲ ಅವಳು ಹತ್ತು, ಇಪ್ಪತ್ತು, ಮೂವತ್ತು ಎಂದು ಸಾಲಿನ ನಂಬರು ಹಾಕಿ ನಕಲು ಮಾಡಿದ್ದಳು. ಕಂಪ್ಯೂಟರು ಇಲ್ಲವಲ್ಲ, ಅದಕ್ಕೆ ಅದರ ಕೆಲಸವನ್ನೂ ತಾನೇ ಮಾಡಿದ್ದಳು. ಮಗ್ಗುಲಲ್ಲಿ ಪೆನ್ಸಿಲಿನಿಂದ, 'ಇಲ್ಲಿ ಉತ್ತರ ಐದು ಬಂತು', 'ಇಲ್ಲಿ ತಪ್ಪಿತು, ಇಪ್ಪತ್ತನೆಯ ಸಾಲು ನೋಡು.' ಹೀಗೆ ನಲವತ್ತು ಪುಟ. ನೋಟುಬುಕ್ಕಿನ ಕೆಳಗೆ ಹಳೆಯ ಕ್ಯಾಲೆಂಡರಿನ ರಟ್ಟು, ಅದರ ಮೇಲೆ ಸ್ಕೇಲು ಹಿಡಿದು ಗೆರೆ ಎಳೆದ ಕೀಲಿಮಣೆ. ದಿನಾಲೂ ಬೆರಳಾಡಿಸಿ ಕೆಲವು ಅಕ್ಷರಗಳು ಮಾಸಿಹೋಗಿದ್ದವು. ನನಗೆ ನಾಚಿಕೆಯಾಯಿತು. ಹದಿಮೂರು ವರ್ಷದ ಹುಡುಗಿ ಇಲ್ಲದ ಯಂತ್ರದ ಮೇಲೆ ಪಾಠ ಕಲಿಯುತ್ತಿದ್ದಾಗ, ನಲವತ್ತು ದಾಟಿದ ನಾನು ಶಿಗ್ಗಾಂವಿಯ ಚೆಂಡಿನ ಹಿಂದೆ ಓಡುತ್ತಿದ್ದೆ.

ಮರುದಿನ ಅರ್ಧ ದಿನದ ರಜೆ ಹಾಕಿ, ಅಂಚೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು ಮುಂಬಯಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಟೆಲಿಫೋನಿನ ಮುಂದೆ ಕೂತಿದ್ದ ಬಸಣ್ಣ, "ಕುಂತ್ರಿ ಮಾಸ್ತರ, ಲೈನ್ ಹಚ್ಚಾಕತ್ತೇನಿ" ಎಂದ. ಕುಳಿತೆ. ಹತ್ತೂವರೆ ಆಯಿತು, ಹನ್ನೆರಡಾಯಿತು. "ಹುಬ್ಬಳ್ಳಿತನಕ ಹೊಕ್ಕೈತ್ರಿ, ಮುಂದ ಹೋಗವಲ್ದು" ಎಂದ. ನಿನ್ನೆಯ ತಂತಿ ಇಷ್ಟು ಹೊತ್ತಿಗೆ ಮುಟ್ಟಿರುತ್ತದೆ. ಗುರುರಾಜ ಊಟದ ಬಿಡುವಿನಲ್ಲಿ ಅಂಗಡಿಗೆ ಹೋದರೆ ತೀರಿತು, ಕೊಟ್ಟ ಸಾಮಾನು ವಾಪಸಿಲ್ಲ. ಪಿಂಚಣಿಯ ಹಿರಿಯರು ಬಂದು ಕುಳಿತರು, ಅಡಕೆ ವ್ಯಾಪಾರಿಗಳು ಬಂದರು. ಸ್ಟಾಂಪು ಕೊಳ್ಳಲು ನಮ್ಮ ಹೆಡ್‌ಮಾಸ್ತರರೇ ಬಂದು, "ಆರಾಮಿಲ್ಲಂತ ರಜಾ ಹಾಕೀರಲ್ಲ, ಇಲ್ಲೇನ್ರಿ?" ಎಂದರು. ನಾನು ಉತ್ತರ ಹುಡುಕುವಷ್ಟರಲ್ಲಿ, "ಮಾಸ್ತರ, ಮುಂಬೈ ಬಂತು! ಮೂರ ನಿಮಿಷ, ಲಗೂನ ಮಾತಾಡ್ರಿ" ಎಂದು ಬಸಣ್ಣ ಕೂಗಿದ.

"ಭಾವ, ಈಗ ಅಂಗಡಿಗೇ ಹೊಂಟಿದ್ದೆ" ಎಂದಿತು ಗುರುರಾಜನ ದನಿ, ಬಾವಿಯ ತಳದಿಂದ ಬಂದಂತೆ.

"ಗೇಮು ಬ್ಯಾಡೋ ಗುರು! ಕಂಪ್ಯೂಟರ್ ತೊಗೊ!"

"ಅದ್ಹೆಂಗ ಆಗ್ತದ ಭಾವ? ದೇವರ ಚೀಟಿ ಅಂತ ನೀವ ತಂತಿ ಕೊಟ್ಟೀರಿ. ದೇವರು ಒಂದು ಹೇಳಿದ ಮ್ಯಾಲೆ ನಾ ಇನ್ನೊಂದು ತರೂದಿಲ್ಲ. ನಾಳೆ ಏನರೆ ಹೆಚ್ಚು ಕಡಿಮಿ ಆದ್ರ?"

ಇವನು ಮುಂಬಯಿಯಲ್ಲಿದ್ದೂ ಏಕಾದಶಿ ತಪ್ಪಿಸದ ಮನುಷ್ಯ. ಅರ್ಧ ನಿಮಿಷ ಬೇಡಿಕೊಂಡೆ, ಇನ್ನರ್ಧ ನಿಮಿಷ ಗದರಿಸಿದೆ. ಅವನು ಜಪ್ಪಯ್ಯ ಎನ್ನಲಿಲ್ಲ. ಬಸಣ್ಣ ಒಂದು ಬೆರಳೆತ್ತಿ ಇನ್ನೊಂದೇ ನಿಮಿಷ ಎಂದು ತೋರಿಸಿದ. ಬೇರೆ ದಾರಿಯಿರಲಿಲ್ಲ.

"ಅದು ದೇವರು ಹೇಳಿದ್ದಲ್ಲೋ, ನಾ ಹೇಳಿಸಿದ್ದು!" ಎಂದೆ.

"ಏನೂ ಕೇಳವಲ್ತು ಭಾವ, ಜೋರ್ ಮಾತಾಡ್ರಿ."

"ಎರಡೂ ಚೀಟಿ ಮ್ಯಾಲೆ ಟೀವಿ ಗೇಮು ಅಂತ ನಾನ ಬರದಿದ್ದೆ!"

"ಎಲ್ಲಾ ಹರದು ಹರದು ಬರ್ಲಿಕ್ಕತ್ತದ. ಯಾರು ಬರದಿದ್ರು?"

"ನಾನು! ನಾನು! ದೇವರ ಮುಂದ ಖೊಟ್ಟಿ ಚೀಟಿ ಹಾಕಿದಾವ ನಾನು!" ಎಂದು ಎದೆ ಬಿರಿಯುವಂತೆ ಕೂಗಿದೆ. "ಹಂಗಾರ ಕಂಪ್ಯೂಟರ್ ತರ್ತೇನಿ" ಎಂಬ ಮಾತು ಕೇಳಿಸಿತು, ಲೈನು ಕಡಿಯಿತು.

ರಿಸೀವರು ಇಟ್ಟು ತಿರುಗಿದೆ. ಮುದ್ರೆ ಒತ್ತುವ ಮನುಷ್ಯ ಎತ್ತಿದ ಕೈಯನ್ನು ಹಾಗೇ ಹಿಡಿದಿದ್ದ. ಹೆಡ್‌ಮಾಸ್ತರರು ಸ್ಟಾಂಪಿನ ಹಿಂಭಾಗವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಬಸಣ್ಣನೊಬ್ಬನೇ ಮಾತಾಡಿದ. "ಇರ್ಲಿ ಬಿಡ್ರಿ ಮಾಸ್ತರ, ಈ ಸಲಾ ಲೈನ್ ಭಾಳ ಕ್ಲಿಯರ್ ಇತ್ತು."

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅವ್ವ ನನ್ನ ಕೈಯಿಂದ ದೇವರಿಗೆ ತಪ್ಪುಕಾಣಿಕೆ ಕಟ್ಟಿಸಿದಳು. ಇಂದಿರಾ ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ, "ಪೆನ್ನಿನ ಟೊಪಿಗಿ ಸಿಕ್ತೇನು?" ಎಂದು ಆರಂಭಿಸಿದಳು. ಹೊಲ ಅಳೆಯಲು ಆಮೇಲೆ ನನ್ನನ್ನು ಯಾರೂ ಕರೆಯಲಿಲ್ಲ. ಸುಮನಾ ಮಾತ್ರ ಏನೂ ಕೇಳಲಿಲ್ಲ. ನಾನೇ, "ತಪ್ಪು ಮಾಡಿದೆ ಮಗಳ" ಎಂದಾಗ, "ಹೂಂ" ಎಂದಳು, ಅಷ್ಟೇ. ಶುಕ್ರವಾರ ಕಂಪ್ಯೂಟರು ಬಂತು. ಗುರುರಾಜ ಅದನ್ನು ಟೀವಿಗೆ ಹಚ್ಚಿಕೊಟ್ಟು, ಇದನ್ನು ಹೇಗೆ ನಡೆಸಬೇಕೆಂದು ಪುಸ್ತಕ ತೆರೆಯುವಷ್ಟರಲ್ಲಿ ಅವಳ ಬೆರಳುಗಳು ರಟ್ಟಿನ ಮೇಲೆ ಓಡಿದ ಅಭ್ಯಾಸದಲ್ಲಿ ಓಡತೊಡಗಿದ್ದವು.

ಎರಡು ತಿಂಗಳಾದ ಮೇಲೆ ಅವಳು ನನಗಾಗಿ ಕೋಲು ಮತ್ತು ಚೆಂಡಿನ ಆಟವನ್ನೇ ಬರೆದಳು. ಅದರ ಮೊದಲಿಗೆ ಇನ್ನೊಂದು ಸಣ್ಣ ಪ್ರೋಗ್ರಾಮನ್ನೂ ಸೇರಿಸಿದ್ದಳು. ಮೊದಲ ಚೆಂಡು ಯಾರದೆಂದು ಕಂಪ್ಯೂಟರೇ ಚೀಟಿ ಎತ್ತಿ ಹೇಳುವ ಏರ್ಪಾಡು ಅದು. ಮೊದಲ ದಿನ ಹತ್ತು ಆಟ ಆಡಿದೆವು. ಹತ್ತೂ ಸಲ ಪರದೆಯ ಮೇಲೆ ಬಂದದ್ದು ಸುಮನಾ ಎಂಬ ಹೆಸರೇ. ನಾನು ಅವಳ ನೋಟುಬುಕ್ಕಿಗೆ ಕೈ ಚಾಚಿ, "ಆ ಪ್ರೋಗ್ರಾಮು ಒಂದೀಟು ನೋಡೋಣ" ಎಂದೆ.

"ಮುಟ್ಟಬ್ಯಾಡ್ರಿ ಅಪ್ಪಾ" ಎಂದಳು, ಪಕ್ಕಾ ಅವ್ವನ ದನಿಯಲ್ಲಿ. "ಮಡಿಯೊಳಗ ಅದ."

ಕೈ ಹಿಂದಕ್ಕೆ ತೆಗೆದುಕೊಂಡೆ. ಸತತವಾಗಿ ಹತ್ತು ಸಲ ಅವಳದೇ ಹೆಸರು ಬರುವ ಸಂಭವ ಸಾವಿರದ ಇಪ್ಪತ್ತನಾಲ್ಕರಲ್ಲಿ ಒಂದು. ಇಷ್ಟು ಲೆಕ್ಕ ನನಗೂ ಬರುತ್ತದೆ. ಆದರೆ ಎರಡನೆಯ ಚೀಟಿ ಬಿಚ್ಚಿ ತೋರಿಸು ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ?