ಗೇಟಿನವರೆಗೆ ಬಂದ ಪ್ಯಾಟಿಯೋ

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಗ್ಗದಾಸಪುರದಲ್ಲಿ ನನ್ನ ಮನೆಯ ಸುತ್ತ ಮೂರು ಬಾಡಿಗೆ ಕಟ್ಟಡಗಳನ್ನು ಒಂದು ಬಿರುಕೂ ಇಲ್ಲದಂತೆ ಕಟ್ಟಿಸಿದ ಮುನಿಆಂಜನಪ್ಪ ಎಂಬ ಮಹಾನುಭಾವ ನಾನೇ! ಸಿಮೆಂಟ್ ಚೀಲದ ಮೇಲೆ ಕೈಯಾಡಿಸಿ ಅದು ಹಳೇ ಸ್ಟಾಕೋ ಹೊಸ ಸ್ಟಾಕೋ ಹೇಳಬಲ್ಲೆ. ಮೇಸ್ತ್ರಿಗಳು ನನ್ನನ್ನು ಕಂಡರೆ ಬೀಡಿ ಆರಿಸುತ್ತಿದ್ದರು. ಆದ್ದರಿಂದ ಮಗಳು ಹಂಸಳ ಸೀಮಂತಕ್ಕೆ ದಿನ ಗೊತ್ತಾದ ಸಂಜೆಯೇ ಮನೆಮಂದಿಯನ್ನೆಲ್ಲ ಸೇರಿಸಿ ಘೋಷಣೆ ಮಾಡಿದೆ.

"ಹಾಲ್ ಬುಕ್ ಮಾಡೋ ಮಾತೇ ಇಲ್ಲ! ನನ್ ಮಗಳ ಸೀಮಂತ ನನ್ ಹಿತ್ತಲಲ್ಲೇ! ಅಲ್ಲಿ ಪ್ಯಾಟಿಯೋ ಮಾಡಿಸ್ತೀನಿ!"

ಮನೆಮಂದಿ ಎಂದರೆ ನನ್ನ ಹೆಂಡತಿ ಮಾರಕ್ಕ ಒಬ್ಬಳೇ. ಅವರೆಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಹಂಗಂದ್ರೇನು?"

"ಹಿತ್ತಲಿಗೆಲ್ಲ ಕಾಂಕ್ರೀಟ್ ಹಾಕ್ಸಿ, ಅಂಚಲ್ಲಿ ಹೂಕುಂಡ ಇಟ್ಟು, ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳೋ ಜಾಗ ಕಣೇ."

"ಹಿತ್ತಲಿಗೆ ಗಾರೆ ಹಾಕ್ಸೋದು ಅನ್ನಿ. ನಮ್ಮತ್ತೆ ಅದೇ ಜಾಗಕ್ಕೆ ಸಗಣಿ ಸಾರಿಸಿ ಕೂತ್ಕೊತಿದ್ರು. ಅದಕ್ಯಾವ ಇಂಗ್ಲಿಷ್ ಹೆಸ್ರೂ ಇರ್ಲಿಲ್ಲ."

ನಿಮ್ಮ ಹತ್ತಿರ ಮುಚ್ಚಿಡುವುದೇನು? ಈ ಪ್ಯಾಟಿಯೋ ಹುಳ ನನ್ನ ತಲೆಗೆ ಬಿಟ್ಟವರು ಬೀಗರು ಮುನಿರಾಜಪ್ಪನವರು. ಇಂದಿರಾನಗರದ ಅವರ ಮನೆ ಹಿಂದೆ ಅಂಥದ್ದೊಂದಿದೆ. ಮಧ್ಯೆ ದೊಡ್ಡ ಕೊಡೆ ಬೇರೆ! ಹೋದಾಗಲೆಲ್ಲ "ಬನ್ನಿ ಬೀಗ್ರೆ, ಪ್ಯಾಟಿಯೋಲಿ ಕೂತು ಕಾಫಿ ಕುಡಿಯೋಣ" ಅನ್ನುತ್ತಾರೆ. ಕಾಫಿ ಇಳಿಯುತ್ತದೆ, ಆ ಮಾತು ಮಾತ್ರ ಇವತ್ತಿಗೂ ಇಳಿದಿಲ್ಲ.

ಮಾರಕ್ಕ ಅವರೆಕಾಯಿ ಪಕ್ಕಕ್ಕಿಟ್ಟಳು. "ನೋಡಿ, ಮಣ್ಣಲ್ಲಿ ಚಾಪೆ ಹಾಸಿದ್ರೂ ನಂಗೆ ಸಾಕು. ಮಡಿಲು ತುಂಬೋದು ತಾನು ಹುಟ್ಟಿ ಬೆಳೆದ ಮನೇಲೇ ಆಗ್ಬೇಕು ಅಂತ ಹಂಸ ಬಾಯ್ಬಿಟ್ಟು ಕೇಳವ್ಳೆ. ಮದುವೇಲೂ ಆ ಮಗು ಇದು ಬೇಕು ಅಂತ ಕೇಳ್ಲಿಲ್ಲ. ಇದೊಂದು ಕೆಡಿಸ್ಬೇಡಿ."

"ಕೆಡಿಸೋದಾ? ನಾನಾ?" ಎಂದು ಎದೆ ತಟ್ಟಿಕೊಂಡೆ. ಸ್ವಲ್ಪ ಜೋರಾಗಿಯೇ ತಟ್ಟಿಕೊಂಡೆ, ಕೆಮ್ಮು ಬಂತು.

ನನ್ನ ಹಳೇ ಮೇಸ್ತ್ರಿಗಳಿಗೆ ಪ್ಯಾಟಿಯೋ ಎಲ್ಲಿ ಬರಬೇಕು! ಕಿರಣಕುಮಾರ ಎಂಬ ಕಾಂಟ್ರಾಕ್ಟರನನ್ನು ಹಿಡಿದೆ. ಗಾಜಿನ ಆಫೀಸು, ಕೈಗೆ ಮಣ್ಣು ಸೋಂಕದ ಹುಡುಗ. ನಾನು ಕೊಟ್ಟ ಫೋಟೋ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ನನ್ನ ಹಿತ್ತಲನ್ನೇ ತೋರಿಸಿದ. ನುಗ್ಗೆ ಮರದ ಕೆಳಗೆ ಕುರ್ಚಿ, ಕುರ್ಚಿಯಲ್ಲಿ ಬೋಳುತಲೆಯ ಒಬ್ಬ ಯಜಮಾನರು.

"ಸರ್, ಇದು ನೀವೇ."

ಆ ಚಿತ್ರದಲ್ಲಿ ನನಗೆ ಹೊಟ್ಟೆಯೇ ಇರಲಿಲ್ಲ! ಅಲ್ಲೇ ಒಪ್ಪಿಬಿಟ್ಟೆ.

"ಸೀಮಂತಕ್ಕೆ ಇನ್ನು ಮೂರು ವಾರ ಇದೆ ಅಲ್ವಾ ಸರ್? ಮಂಗಳವಾರ ಸ್ಟಾರ್ಟ್, ಶುಕ್ರವಾರ ಫಿನಿಶ್. ಟೆನ್ಷನ್ ತಗೋಬೇಡಿ."

ಮಂಗಳವಾರ ಬಂತು, ಕಿರಣಕುಮಾರ ಬರಲಿಲ್ಲ. "ನಾಳೆ ಅಮಾವಾಸ್ಯೆ ಸರ್, ನಿಮ್ ಮನೆಗೇ ಒಳ್ಳೇದಲ್ಲ" ಎಂದ. ನನ್ನ ಮನೆಯ ಮೇಲೆ ಎಷ್ಟು ಕಾಳಜಿ ಅಂತ ಖುಷಿಯಾಯಿತು. ಮುಂದಿನ ವಾರ ಹುಡುಗರು ಊರಿಗೆ ಹೋಗಿದ್ದರು. ಅದರ ಮುಂದಿನ ವಾರ ಕಾಂಕ್ರೀಟ್ ಲಾರಿ ಸಿಗಲಿಲ್ಲ. ಅವನು ಹೇಳಿದ ದಿನಗಳಿಗೆಲ್ಲ ಮಾರಕ್ಕ ಕ್ಯಾಲೆಂಡರಿನಲ್ಲಿ ಸುತ್ತು ಹಾಕುತ್ತ ಬಂದಳು. ಕೊನೆಗೆ ಸುತ್ತಿಲ್ಲದ ತಾರೀಕೇ ಉಳಿಯಲಿಲ್ಲ, ಹಾಲಿನವನ ಲೆಕ್ಕವೂ ಅದರಲ್ಲೇ ಕಲಸಿಹೋಯಿತು.

ಅಂತೂ ದಿನ ಸಿಕ್ಕಿತು. ಶನಿವಾರ! ಸೀಮಂತ ಭಾನುವಾರ!

"ಒಂದೇ ರಾತ್ರೀಲಿ ಒಣಗ್ತದೇನಯ್ಯ?"

"ಸರ್, ಬೇಗ ಗಟ್ಟಿಯಾಗೋ ಕೆಮಿಕಲ್ ಹಾಕಿಸ್ತೀನಿ. ಬೆಳಗ್ಗೆ ಎದ್ದು ನೀವು ಅದರ ಮೇಲೆ ಆನೆ ನಿಲ್ಲಿಸಬಹುದು."

"ಎರಡು ಪಟ್ಟು ಹಾಕ್ಸು!" ಎಂದು ನಾನೇ ಅಪ್ಪಣೆ ಕೊಟ್ಟೆ. ಇದನ್ನು ದಯವಿಟ್ಟು ಮಾರಕ್ಕನಿಗೆ ಹೇಳಬೇಡಿ.

ಶನಿವಾರ ಹತ್ತು ಗಂಟೆಗೆ ಹೊಟ್ಟೆ ತಿರುಗಿಸುತ್ತ ಕಾಂಕ್ರೀಟ್ ಲಾರಿ ಬಂದು ಗೇಟಿನ ಮುಂದೆ ನಿಂತಿತು. ಅಲ್ಲಿಂದ ಹಿತ್ತಲಿಗೆ ಹೋಗಬೇಕಾದರೆ ಮನೆ ಪಕ್ಕದ ಸಂದಿಯೊಂದೇ ದಾರಿ. ಅದರಲ್ಲಿ ನಾನು ಹೋಗಬೇಕಾದರೆ ಉಸಿರು ಬಿಗಿಹಿಡಿದು ಅಡ್ಡ ತಿರುಗಬೇಕು. ಉಳಿದ ಮೂರು ಕಡೆ ನನ್ನವೇ ಬಾಡಿಗೆ ಕಟ್ಟಡಗಳ ಗೋಡೆಗಳು. ಸೈಟು ನೋಡಲು ಒಂದು ದಿನವೂ ಬಾರದ ಕಿರಣಕುಮಾರನಿಗೆ ಇದು ಗೊತ್ತಿರಲಿಲ್ಲ. "ಪರವಾಗಿಲ್ಲ ಸರ್, ಬಾಂಡ್ಲೀಲಿ ಹೊರ್ತಾರೆ" ಎಂದು ಲಾರಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಇನ್ನೊಂದು ಸೈಟಿಗೆ ಹೋದ. ಮಾರಕ್ಕ ಹೂವು, ಹಸಿರು ಬಳೆ ತರಲು ಶಿವಾಜಿನಗರಕ್ಕೆ ಹೊರಟಳು.

ಕೆಲಸದವರ ಮೇಸ್ತ್ರಿ ಸಾಯಬಣ್ಣ, ಯಾದಗಿರಿ ಕಡೆಯವನು. ಎಂಟು ಜನ ಬಾಂಡ್ಲಿ ಹಿಡಿದು ಗಾಣದೆತ್ತಿನ ಹಾಗೆ ಸಂದಿಯಲ್ಲಿ ಓಡಾಡಿದರು. ಒಂದು ಗಂಟೆಗೆ ಅರ್ಧ ಹಿತ್ತಲು ಕನ್ನಡಿಯಂತೆ ಮಟ್ಟವಾಗಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ನಮ್ಮ ಕಡೆ ಒಂದು ಪದ್ಧತಿ ಇದೆ. ಕಾಂಕ್ರೀಟ್ ಮೋಲ್ಡ್ ಹಾಕಿದ ದಿನ ಕೆಲಸದವರಿಗೆ ಮನೆಯ ಯಜಮಾನ ಭರ್ಜರಿ ಊಟ ಹಾಕಬೇಕು. ಹಾಕದಿದ್ದರೆ ಕಾಂಕ್ರೀಟು ಶಾಪ ಹಾಕುತ್ತದಂತೆ! ನಾನು ಮಿಲ್ಟ್ರಿ ಹೋಟೆಲಿನಿಂದ ಮೂವತ್ತು ರಾಗಿಮುದ್ದೆ, ಒಂದು ದೊಡ್ಡ ಪಾತ್ರೆ ಮಟನ್ ಸಾರು ತರಿಸಿದ್ದೆ. ಮುದ್ದೆ ಬಿಸಿಬಿಸಿಯಾಗಿ ಹಬೆಯಾಡುತ್ತಿತ್ತು.

ಸಾಯಬಣ್ಣ ಕೈ ಮುಗಿದ. "ಸಾವ್ಕಾರ್ರ, ಊಟ ಆಮ್ಯಾಲ ಹಾಕ್ರಿ. ಲಾರ್‍ಯಾಗ ಇನ್ನಾ ಅರ್ಧ ಮಾಲ್ ಅದ. ಔಷಧ ಬ್ಯಾರೆ ಹಾಕ್ಯಾರ. ಗಟ್ಟಿ ಆಗ್ತದ್ರಿ."

"ಮುದ್ದೆ ಅದಕ್ಕಿಂತ ಬೇಗ ಗಟ್ಟಿಯಾಗ್ತದೆ ಕಣಯ್ಯ! ನನ್ ಮನೇಗೆ ಬಂದು ಹಸ್ಕೊಂಡು ಕೆಲಸ ಮಾಡೋದಾ? ಕೂತ್ಕೊಳ್ಳಿ ಎಲ್ರೂ!"

ಮಟನ್ ವಾಸನೆಗೆ ಬೀದಿನಾಯಿಗಳು ಒಳನುಗ್ಗಿ ಹಸಿ ಕಾಂಕ್ರೀಟು ತುಳಿದಾವೆಂದು ಗೇಟನ್ನು ನಾನೇ ಎಳೆದು ಚಿಲಕ ಹಾಕಿದೆ. ಹಿತ್ತಲಿನ ಒಣ ಭಾಗದಲ್ಲಿ ಪಂಕ್ತಿ ಕೂತಿತು.

ಆಗ ಗೊತ್ತಾಯಿತು, ಎಂಟು ಜನರೂ ಜೋಳದ ರೊಟ್ಟಿಯ ಸೀಮೆಯವರು. ಮುದ್ದೆ ಹೇಗೆ ತಿನ್ನಬೇಕೆಂದೇ ಗೊತ್ತಿಲ್ಲ. ಅಗಿಯುತ್ತಿದ್ದಾರೆ! ಮುದ್ದೆಯನ್ನು ಅಗಿಯುವುದೆಂದರೇನು? ನಮ್ಮ ತಾತ ಕಂಡಿದ್ದರೆ ಎದ್ದು ಹೋಗುತ್ತಿದ್ದರು. ನಾನು ಪಂಚೆ ಎತ್ತಿಕಟ್ಟಿ ಪಾಠ ಶುರುಮಾಡಿದೆ.

"ಅಗೀಬಾರ್ದು! ಮುರಿ, ಉಂಡೆ ಮಾಡು, ಸಾರಲ್ಲಿ ಹೊರಳಿಸು, ನುಂಗು! ಹಲ್ಲಿಗೆ ಗೊತ್ತೇ ಆಗ್ಬಾರ್ದು!"

"ನುಂಗಿದ್ರ ಗಂಟಲಾಗ ಕುಂದರ್ತದ್ರಿ" ಎಂದ ಸಾಯಬಣ್ಣ, ಕಣ್ಣಲ್ಲಿ ನೀರು ತುಂಬಿಕೊಂಡು.

"ಕೂತ್ಕೊಂಡ್ರೆ ಮೇಲಿಂದ ಇನ್ನೊಂದು ನುಂಗು, ಅದು ಮುಂದಿನದನ್ನ ತಳ್ತದೆ!"

ಒಬ್ಬೊಬ್ಬರಿಗೂ ನಾನೇ ನುಂಗಿ ತೋರಿಸಿದೆ. ಎಂಟು ಜನ ಶಿಷ್ಯರಿಗೆ ಹದಿನಾರು ಉಂಡೆ. ಮುಂದುಗಡೆ ಲಾರಿಯ ಹಾರ್ನು ಹೊಡೆದುಕೊಳ್ಳುತ್ತಿತ್ತು. "ಡ್ರೈವರ್ ಹಬೀಬೂ ಹಸ್ದಿರ್ಬೇಕು ಪಾಪ, ಅವ್ನಿಗೂ ಎರಡು ತೆಗೆದಿಡಿ" ಎಂದು ಉದಾರವಾಗಿ ಹೇಳಿದೆ. ಹಾರ್ನು ಇನ್ನೂ ಜೋರಾಯಿತು. ಆಮೇಲೆ ಗರಗರ ಎಂದಿತು. ಆಮೇಲೆ ದೊಪ್ ಎಂದಿತು. ಆಮೇಲೆ ಸದ್ದೇ ಇಲ್ಲ.

ಸಂದಿಯಲ್ಲಿ ಅಡ್ಡಡ್ಡವಾಗಿ ಓಡಿಬಂದು ನೋಡುತ್ತೇನೆ, ಅಯ್ಯಯ್ಯೋ! ಹಬೀಬ್ ಲಾರಿಯ ಮಾಲು ಸುರಿಯುವ ತಗಡಿನ ದೋಣಿಯನ್ನು ಗೇಟಿನ ಮೇಲಿಂದ ಒಳಗೆ ಚಾಚಿ, ಉಳಿದ ಮಾಲನ್ನೆಲ್ಲ ಗೇಟಿನ ಬುಡಕ್ಕೆ ಸುರಿದುಬಿಟ್ಟಿದ್ದಾನೆ! ನನ್ನ ಸೊಂಟದೆತ್ತರದ ಗುಡ್ಡ! ನಮ್ಮ ಗೇಟೋ ಒಳಕ್ಕೇ ತೆರೆಯಬೇಕು.

"ಏನಯ್ಯಾ ಇದು?"

"ಮಾಫ್ ಮಾಡಿ ಸಾರ್! ಮುಕ್ಕಾಲು ಗಂಟೆಯಿಂದ ಕೂಗ್ತಾ ಇದೀನಿ. ಡ್ರಮ್ಮಲ್ಲಿ ಮಾಲ್ ಕೂತ್ಕೊಂಡ್ರೆ ನನ್ ನೌಕರಿ ಖತಮ್. ನಿಮ್ ಕಾಂಟ್ರಾಕ್ಟರ್‌ಗೆ ಫೋನ್ ಹಾಕ್ದೆ. 'ಕಾಂಪೌಂಡ್ ಒಳಗೆ ಸುರಿದ್ಬಿಡು, ಹುಡುಗ್ರು ಎತ್ಕೋತಾರೆ' ಅಂದ್ರು."

ಹುಡುಗರು ಬಂದರು. ಮುದ್ದೆ ಇನ್ನೂ ಎದೆಯಲ್ಲೇ ಇದ್ದುದರಿಂದ ನಿಧಾನವಾಗಿ ಬಂದರು. ಮೇಲುಮೇಲಿನ ಹತ್ತು ಬಾಂಡ್ಲಿ ಎತ್ತುವಷ್ಟರಲ್ಲಿ ಸನಿಕೆ ಠಣ್ ಎಂದಿತು. ಎರಡು ಪಟ್ಟು ಕೆಮಿಕಲ್ಲು!

ಕಿರಣಕುಮಾರನಿಗೆ ಫೋನು ಮಾಡಿ ಕಿರುಚಿದೆ.

"ಸರ್, ಮಾಲ್ ಗಟ್ಟಿಯಾಯ್ತಾ?"

"ಆಯ್ತು ಕಣಯ್ಯಾ, ಬಂಡೆ ಆಗಿದೆ!"

"ನೋಡಿ ಸರ್, ನಾನು ಹೇಳಿರ್ಲಿಲ್ವಾ? ಕ್ವಾಲಿಟಿ!"

ಅಷ್ಟು ಹೇಳಿ ಇಟ್ಟ. ಮತ್ತೆ ಮಾಡಿದರೆ ಸ್ವಿಚ್ ಆಫ್.

ಸಂಜೆ ಸಾಯಬಣ್ಣನ ಹುಡುಗರು ಏಣಿ ಹತ್ತಿ ಮುಂದಿನ ಕಾಂಪೌಂಡ್ ಗೋಡೆ ಹಾರಿ ಹೊರಟರು. ನಾನೂ ಏಣಿಗೆ ಕಾಲಿಟ್ಟೆ. ಹೋದ ವರ್ಷ ಹಾಕಿಸಿಕೊಂಡ ಹೊಸ ಮಂಡಿ ಎರಡನೇ ಮೆಟ್ಟಿಲಿನಲ್ಲಿ ಕಟಕ್ ಎಂದಿತು. ಹೊರಗಿನಿಂದ ನಾಲ್ವರು ಕೈ ಚಾಚಿದರು. ಆದರೆ ನನ್ನ ತೂಕ ತೊಂಬತ್ನಾಲ್ಕು ಕೇಜಿ, ಅವತ್ತಿನ ಮುದ್ದೆ ಬಿಟ್ಟು. ಆ ಹೊತ್ತಿಗೆ ಮಾರಕ್ಕ ಹೂವಿನ ಚೀಲ ಹಿಡಿದು ಆಟೋ ಇಳಿದಳು. ಗೇಟು ತಳ್ಳಿದಳು. ಮತ್ತೆ ತಳ್ಳಿದಳು. ಸರಳಿನ ಸಂದಿಯಿಂದ ಗುಡ್ಡ ನೋಡಿದಳು, ಗುಡ್ಡದ ಹಿಂದೆ ನಿಂತಿದ್ದ ನನ್ನನ್ನೂ ನೋಡಿದಳು.

"ರೀ, ಕೆಲಸ ಮುಗಿಯೋಕೆ ಮುಂಚೆ ಊಟ ಹಾಕಿದ್ರಾ?"

ಹೇಗೆ ಗೊತ್ತಾಯಿತೋ! ನಾನು ಮೂತಿಗೆ ಅಂಟಿದ ಸಾರು ಒರೆಸಿಕೊಂಡೆ.

"ಎತ್ತಿ ಹೊರಗ ಹಾಕೂಣೇನ್ರಿ ಅಕ್ಕಾ?" ಎಂದು ಕೇಳಿದ ಹುಡುಗರಿಗೆ ಅವಳು ಕೈ ಅಡ್ಡ ಹಿಡಿದಳು. "ಬ್ಯಾಡ ಬಿಡ್ರಪ್ಪಾ, ಮಂಡಿ ಮುರ್ಕೊಂಡಾರು. ಒಳಗೇ ಇರ್ಲಿ. ಹೊರಗೆ ಬಂದ್ರೆ ಇನ್ನೇನ್ ಕಟ್ಟಿಸ್ತಾರೋ!" ಎಂದು ಎದುರು ಮನೆಗೆ ಮಲಗಲು ಹೋದಳು.

ಭಾನುವಾರ ಬೆಳಗ್ಗೆ ಸಾಯಬಣ್ಣ, ಪುಣ್ಯಾತ್ಮ, ಯಾರೂ ಕರೆಯದಿದ್ದರೂ ಉಳಿ ಸುತ್ತಿಗೆ ತಂದು ಗೋಡೆ ಹಾರಿ ಬಂದು ಗುಡ್ಡ ಒಡೆಯತೊಡಗಿದ. ಒಂದು ಮೂಲೆ ಕಳಚಿತು. ನನಗೆ ಜೀವ ಬಂತು. ಅಷ್ಟರಲ್ಲಿ ಬೀಗರ ಕಾರುಗಳು ಬಂದೇಬಿಟ್ಟವು. ಮುನಿರಾಜಪ್ಪನವರ ತಾಯಿ ಇಳಿಯುತ್ತಲೇ ಕಿವಿ ಮುಚ್ಚಿಕೊಂಡರು.

"ಏನ್ರೋ ಅದು? ಬಸುರಿ ಹೆಣ್ಣು ಬಾಗಿಲಿಗೆ ಬಂದಿರೋವಾಗ ಒಡೆಯೋದು ಬಡಿಯೋದು ಮಾಡ್ತಾರಾ? ನಿಲ್ಸಿ!"

ಸುತ್ತಿಗೆ ನಿಂತಿತು. ಅಜ್ಜಿಯ ಮಾತು ಮೀರುವ ಗಂಡಸು ಆ ಬೀದಿಯಲ್ಲಿರಲಿಲ್ಲ.

"ಬೀಗ್ರೆ, ಎಲ್ಲಿ ನಿಮ್ ಪ್ಯಾಟಿಯೋ?" ಮುನಿರಾಜಪ್ಪನವರು ಸರಳಿನ ಸಂದಿಯಲ್ಲಿ ಇಣುಕಿದರು.

"ಇದೇ ಬೀಗ್ರೆ" ಎಂದು ಗುಡ್ಡ ತೋರಿಸಿದೆ. "ಸ್ವಲ್ಪ ಮುಂದಕ್ಕೆ ಬಂದ್ಬಿಟ್ಟಿದೆ."

ಆಗ ಹಂಸ ಕಾರಿನಿಂದ ಇಳಿದಳು. ಹಸಿರು ಸೀರೆ, ತುಂಬಿದ ಹೊಟ್ಟೆ. ನಡೆದು ಬಂದು ಗೇಟಿನ ಮುಂದೆ ನಿಂತಳು.

"ಅಪ್ಪಾ, ನಾನು ಒಳಗೆ ಹೆಂಗ್ ಬರ್ಲಿ?"

ಹುಡುಗಿ ಕೇಳಿದ್ದು ಒಂದೇ ಒಂದು. ಅದನ್ನೂ ನಾನು ಕಾಂಕ್ರೀಟು ಹಾಕಿ ಮುಚ್ಚಿದ್ದೆ. ನಾಚಿಕೆಯಾಯಿತು, ಅಳುವೇ ಬಂತು. ಗುಡ್ಡಕ್ಕೆ ಒರಗಿ ಅತ್ತುಬಿಟ್ಟೆ.

ಮಾರಕ್ಕ ಮಾತ್ರ ಅಳಲಿಲ್ಲ. ಸೆರಗು ಸಿಕ್ಕಿಸಿದಳು. "ತವರಿನ ಬಾಗಿಲೂ ತವರೇ! ಇಲ್ಲೇ ಹಾಕ್ರೋ ಶಾಮಿಯಾನ!" ಎಂದಳು. ಇಡೀ ಬೀದಿ ಎದ್ದಿತು. ಎದುರು ಮನೆಯವರು ಜಮಖಾನ ಹಾಸಿದರು. ನನ್ನ ಬಾಡಿಗೆಯವರು ಕುರ್ಚಿ ಹೊತ್ತು ತಂದರು. ನೆನಪಿರಲಿ, ಅವರ ಮನೆಗಳಿಗೆ ಬಣ್ಣ ಹೊಡೆಸಿಕೊಡುತ್ತೇನೆಂದು ನಾನೂ ಎರಡು ವರ್ಷದಿಂದ ತಾರೀಕು ಕೊಡುತ್ತಿದ್ದೇನೆ! ಹಂಸಳನ್ನು ನಮ್ಮ ಗೇಟಿಗೇ ಬೆನ್ನು ಮಾಡಿ ಕೂರಿಸಿದರು. ಒಳಗಿದ್ದ ನಾನು ಉಗ್ರಾಣದ ಆಳು. "ರೀ, ಬೆಳ್ಳಿ ತಟ್ಟೆ!" "ರೀ, ಅರಿಶಿನ ಕುಂಕುಮ!" "ರೀ, ಅದಲ್ಲ, ಇನ್ನೊಂದು!" ಎಲ್ಲವನ್ನೂ ಗುಡ್ಡದ ಮೇಲೆ ಹೊಟ್ಟೆ ಊರಿ ಮಲಗಿ ಸರಳಿನ ಸಂದಿಯಲ್ಲಿ ದಾಟಿಸಿದೆ.

ಬಳೆ ತೊಡಿಸಿದರು, ಮಡಿಲು ತುಂಬಿದರು, ಹಾಡು ಹೇಳಿದರು. ಬೀದಿಯಲ್ಲೇ ಎಲೆ ಹಾಕಿದರು. ಹೋಗುವವರು ಬರುವವರೆಲ್ಲ ಕೂತು ಉಂಡರು. ಹಂಸ ನಗುತ್ತಿದ್ದಳು. ಅದನ್ನು ಕಂಡು ನನಗೆ ಅರ್ಧ ಸಮಾಧಾನ. ಉಳಿದರ್ಧ ಹೋಳಿಗೆ ಬಂದಮೇಲೆ ಆದೀತೆಂದು ಕಾದೆ.

ಹೆಂಗಸರೆಲ್ಲ ಸುತ್ತ ಸೇರಿ "ಏನಮ್ಮಾ ನಿನ್ ಬಯಕೆ? ಕೇಳು, ಇವತ್ತು ಏನ್ ಕೇಳಿದ್ರೂ ಕೊಡ್ತೀವಿ" ಎಂದು ಅವಳನ್ನು ಕಾಡುತ್ತಿದ್ದರು. ಅವಳು ಒಂದು ಹೋಳಿಗೆ ತುಪ್ಪದಲ್ಲಿ ಅದ್ದಿಕೊಂಡು ಎದ್ದು ಬಂದು, ಸರಳಿನ ಒಳಗೆ ಕೈ ತೂರಿಸಿ ನನ್ನ ಬಾಯಿಗೇ ಇಟ್ಟಳು.

"ನಂದಿರ್ಲಿ. ನಿಂಗೇನಪ್ಪಾ ಬಯಕೆ?"

"ಹೊರಗೆ ಬರ್ಬೇಕು ಕಣಮ್ಮಾ!" ಎಂದೆ, ಬಾಯಿ ತುಂಬ ಹೋಳಿಗೆ ಇಟ್ಟುಕೊಂಡೇ.

ಮಾರಕ್ಕ ಮಗಳ ಹೊಟ್ಟೆಯನ್ನೊಮ್ಮೆ ನೋಡಿದಳು, ನನ್ನದನ್ನೊಮ್ಮೆ ನೋಡಿದಳು.

"ತಾತಂಗೂ ಮೊಮ್ಮಗೂಗೂ ಒಂದೇ ಬಯಕೆ ನೋಡ್ರಮ್ಮಾ! ಮಗೂಂದು ಚಿಂತೆ ಇಲ್ಲ, ಹೊರಗೆ ಬರೋ ತಾರೀಕು ಡಾಕ್ಟ್ರು ಕೊಟ್ಟವ್ರೆ. ಇವ್ರಿಗೆ ಕೊಡ್ಬೇಕಾದೋನು ಕಾಂಟ್ರಾಕ್ಟರ್ರು!"