ಬಾಗಲೂರಿನ ಮೊದಲ ರೋಗಿ

ಬಾಗಲೂರಿನವರ ಕುಡಿತ ಬಿಡಿಸಲು ಬಂದ ಗ್ರಾಮಸೇವಕ ಅಶ್ವತ್ಥಪ್ಪ, ಇಷ್ಟು ದಿನ ಜಗಲಿ ಜಗಲಿಯ ಮೇಲೆ ಕೂತು ಬಿಡಿಸಿದ್ದು ಬರೀ ಕಡಲೆಕಾಯಿ. ಇದು ನಡೆದ ಕತೆ. ನಂಬದವರು ಆ ಊರಿನ ಛತ್ರದ ಬೀಗವನ್ನೇ ಕೇಳಿಕೊಳ್ಳಬಹುದು.

ಪಂಚವಾರ್ಷಿಕ ಯೋಜನೆಯ ಕಾಲ. ಯಲಹಂಕದಲ್ಲಿದ್ದ ಕುಡಿತ ಬಿಡಿಸುವ ಕೇಂದ್ರವನ್ನು ಹಳ್ಳಿಗಳಿಗೂ ವಿಸ್ತರಿಸಬೇಕೆಂದು ಸರ್ಕಾರಕ್ಕೆ ಹೊಳೆದಿತ್ತು. ಬಾಗಲೂರಿನ ಹಳೇ ಛತ್ರಕ್ಕೆ ಸುಣ್ಣ ಬಳಿದು ಕಬ್ಬಿಣದ ಮಂಚಗಳನ್ನು ಹಾಕಿದ್ದೂ ಆಯಿತು. ರೋಗಿ ಮಾತ್ರ ಇಲ್ಲ. ಸಾಯಂಕಾಲ ಹೆಂಡದಂಗಡಿಯಲ್ಲಿ ಕಾಲಿಡಲು ಜಾಗವಿರದಿದ್ದರೂ ಬೆಳಗಾದರೆ ಊರಲ್ಲಿ ಒಬ್ಬ ಕುಡುಕನೂ ಸಿಗುತ್ತಿರಲಿಲ್ಲ. "ನಾನಾ? ಮೈಕೈ ನೋವಿಗೆ ಒಂದ್ಚೂರು ಅಷ್ಟೆ" ಎಂದು ಎಲ್ಲರೂ ಮುಂದಿನ ಮನೆ ತೋರಿಸುವವರೇ. ಕೊನೆಯ ಮನೆಯವನು ಮೊದಲ ಮನೆ ತೋರಿಸಿದಾಗ ಅಶ್ವತ್ಥಪ್ಪನ ಚಪ್ಪಲಿ ಹರಿಯಿತು.

ಆವತ್ತು ಮಧ್ಯಾಹ್ನ ಹೊಸ ಡಾಕ್ಟರು ಬರುವವರಿದ್ದರು. ಒಬ್ಬ ರೋಗಿಯೂ ಇಲ್ಲದಿದ್ದರೆ ಮಂಚಗಳು ಅಮೃತಹಳ್ಳಿಯ ಪಾಲು ಎಂದು ಮೇಲಿನಿಂದ ಹೇಳಿಕೆ ಬಂದಿತ್ತು.

"ಮಂಚ ಓಗಕ್ಕೆ ಬಿಡಬ್ಯಾಡಿ ಸ್ವಾಮಿ," ಎಂದು ಮುನಿಗಂಗಮ್ಮ ಬೆಳಗ್ಗೆಯೇ ಬಂದು ಕೂತಳು. "ನಮ್ಮೆಜಮಾನ ನೆಟ್ಟಗೆ ನಿಂತಿದ್ದು ನೋಡಿ ಎಷ್ಟು ಕಾಲ ಆಯ್ತೋ. ಎಂಗಾನಾ ಮಾಡಿ ಒಳೀಕ್ ಆಕ್ಕೊಳಿ."

ಅವಳ ಗಂಡ ಚಿಕ್ಕಮಾರಯ್ಯ ಕುಡಿಯುವುದರಲ್ಲಿ ಎಷ್ಟು ಗಟ್ಟಿಗನೋ ಅಣಕಿಸುವುದರಲ್ಲೂ ಅಷ್ಟೇ. ಅಶ್ವತ್ಥಪ್ಪನ ಭಾಷಣವನ್ನು ಅಶ್ವತ್ಥಪ್ಪನಿಗಿಂತ ಚೆನ್ನಾಗಿ ಮಾಡುತ್ತಿದ್ದ. ಆಶ್ಚರ್ಯವೆಂದರೆ, ಅಂದು ಕೇಳಿದ ಕೂಡಲೇ ಒಪ್ಪಿಬಿಟ್ಟ.

"ಬಿಡ್ತೀನಿ ಸೇವಕ್ರೇ. ಆದ್ರೆ ಮುನೇಸ್ವರನ ಮುಂದೆ ಆಣೆ ಇಕ್ಕಿ ಬಿಡ್ಬೇಕು. ಬರೀ ಬಾಯ್ಮಾತಲ್ಲಿ ಬಿಟ್ರೆ ನಿಲ್ಲಾಕಿಲ್ಲ."

ಊರ ಮುನೇಶ್ವರನಿಗೆ ಸಾರಾಯಿಯೇ ಎಡೆ. ಚಿಕ್ಕಮಾರಯ್ಯ ಮಿಂದು, ವಿಭೂತಿ ಬಳಿದು, ಮಡಿ ಪಂಚೆಯಲ್ಲಿ ಬಂದ. ಪೂಜಾರಿ ಕದಿರಪ್ಪ ಬಾಟಲಿಯನ್ನು ದೇವರಿಗೆ ತೋರಿಸಿ, ತೆಂಗಿನ ಕರಟಕ್ಕೆ ಬಗ್ಗಿಸಿ ಅಶ್ವತ್ಥಪ್ಪನ ಮುಂದೆ ಹಿಡಿದ.

"ನನಗ್ಯಾಕಪ್ಪಾ?"

"ಬಿಟ್ಟೋನು ಮುಟ್ಟಂಗಿಲ್ಲ. ಬಿಡಿಸ್ದೋರೇ ತೀರ್ಥ ತಗೋಬೇಕು. ಇಲ್ದಿದ್ರೆ ಮುನೇಸ್ವರ ಮುನಿಸ್ಕೊಳ್ತಾನೆ." ಕದಿರಪ್ಪನ ಮುಖ ದೇವರ ಕಲ್ಲಿನಷ್ಟೇ ಗಂಭೀರವಾಗಿತ್ತು. ಚಿಕ್ಕಮಾರಯ್ಯ ಮಾತ್ರ ಮೀಸೆ ಕಚ್ಚಿಕೊಂಡಿದ್ದ.

ಹುಟ್ಟಿದಾಗಿನಿಂದ ಮಜ್ಜಿಗೆಗಿಂತ ಹುಳಿಯಾದದ್ದನ್ನು ಕುಡಿಯದ ಅಶ್ವತ್ಥಪ್ಪ ಮಂಚಗಳನ್ನು ನೆನೆದು ಕಣ್ಣು ಮುಚ್ಚಿದ. ತೀರ್ಥವೆಂದ ಮೇಲೆ ಮೂರು ಸಲ. ಕೊನೆಯ ಕರಟಕ್ಕೆ ಗುಡಿಯೇ ಅವನಿಗೆ ಪ್ರದಕ್ಷಿಣೆ ಹಾಕತೊಡಗಿತು.

ಛತ್ರದ ಮುಂದೆ ಜೀಪು ನಿಂತಾಗ ಡಾಕ್ಟರಿಗೆ ಕಂಡದ್ದು ಇಷ್ಟು: ಕಂಬ ತಬ್ಬಿಕೊಂಡು ನಿಂತ ಒಬ್ಬ, ಪಕ್ಕದಲ್ಲಿ ಮಡಿಯುಟ್ಟು ಕೈಮುಗಿದ ಇನ್ನೊಬ್ಬ.

"ಮಾನ್ಯರೇ," ಎಂದ ಚಿಕ್ಕಮಾರಯ್ಯ, ಅಶ್ವತ್ಥಪ್ಪನದೇ ಗಂಟಲಿನಲ್ಲಿ. "ದುಶ್ಚಟವೆಂಬುದು ಗ್ರಾಮದ ಬೇರಿಗೆ ಹತ್ತಿದ ಗೆದ್ದಲು. ಇವರೇ ನಮ್ಮ ಮೊದಲ ರೋಗಿ."

"ಸಾರ್, ನಾನು... ಗ್ರಾಮಸೇವಕ," ಎಂದಿತು ಕಂಬದ ಕಡೆಯ ದನಿ.

"ಇರ್ಲಿ ಬಿಡಿ. ಅಮಲೇರಿದ ಮೇಲೆ ಎಲ್ರೂ ಅಮಲ್ದಾರ್ರೇ," ಎಂದರು ಡಾಕ್ಟರು.

"ನಾನು ಕುಡಿಯೋದೇ ಇಲ್ಲ ಸಾರ್."

"ಎಲ್ರೂ ಮೊದ್ಲು ಹೇಳೋದು ಅದನ್ನೇ."

ಇಷ್ಟು ದಿನದ ಭಾಷಣಗಳಲ್ಲಿ ಅಶ್ವತ್ಥಪ್ಪ ತಾನೂ ಇದನ್ನೇ ಹೇಳಿದ್ದ. ಜೀಪು ನೋಡಲು ನೆರೆದ ಊರವರು ನೆಲ ನೋಡುತ್ತಾ ಹೊಟ್ಟೆ ಕುಲುಕಿಸುತ್ತಿದ್ದರು. ಅವನು ಸೋತು ಮುನಿಗಂಗಮ್ಮನತ್ತ ನೋಡಿದ. ನಿಜ ಹೇಳಲು ಅವಳೊಬ್ಬಳು ಸಾಕಿತ್ತು.

ಮುನಿಗಂಗಮ್ಮ ಒಂದು ಗಳಿಗೆ ಗಂಡನನ್ನು, ಒಂದು ಗಳಿಗೆ ಛತ್ರದ ಬಾಗಿಲನ್ನು ನೋಡಿದಳು.

"ಊ ಕಣ್ ಸ್ವಾಮಿ, ಇವ್ರೇ ರೋಗಿ. ಇವ್ರಿಗೆ ವಾಸಿ ಆಗೋಗಂಟ ಆ ಮಡಿ ಪಂಚೆ ಸೇವಕ್ರೂ ಒಳಗೇ ಇರ್ತಾರಾ?"

"ಇರ್ಲೇಬೇಕಮ್ಮ. ಹಗಲೂ ರಾತ್ರಿ ರೋಗಿ ಜೊತೇಲಿರ್ಬೇಕು. ಹೊರಗಿಂದ ಒಂದು ತೊಟ್ಟು ಬರಬಾರ್ದು, ಬೀಗ ಹಾಕ್ಬಿಡ್ತೀವಿ."

"ಬೀಗದಕೈ ನನ್ ತಾವ ಇರ್ಲಿ ಸ್ವಾಮಿ. ದಿನಾ ಮುದ್ದೆ ನಾನೇ ತಂದಿಕ್ತೀನಿ."

ಚಿಕ್ಕಮಾರಯ್ಯ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಸಂಜೆ, ಹೆಂಡದಂಗಡಿ ತೆರೆಯುವ ಹೊತ್ತಿಗೆ ಅವನು ಕಿಟಕಿಯ ಸರಳು ಹಿಡಿದು ಅಂಗಲಾಚಿದ: "ಗಂಗೀ, ನಾನ್ ಸೇವಕ ಅಲ್ಲ ಅಂತ ಡಾಕ್ಟ್ರಿಗೆ ಯೋಳೇ."

"ದುಶ್ಚಟ ಅಂಬೋದು ಗೆದ್ದಲು ಮಾನ್ಯರೇ," ಎಂದಳು ಮುನಿಗಂಗಮ್ಮ ಹೊರಗಿನಿಂದ, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸುತ್ತಾ.

ಊರೇ ನಕ್ಕಿತು. ತಲೆ ಸಿಡಿಯುತ್ತಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕವನು ಮಂಚದ ಮೇಲೆ ಬೆನ್ನು ಚಾಚಿದ್ದ ಅಶ್ವತ್ಥಪ್ಪ. ಕೊನೆಗೂ ಅವನು ಒಬ್ಬನ ಕುಡಿತ ಬಿಡಿಸಿದ್ದ.

ಜೀಪು ಹತ್ತುತ್ತಿದ್ದ ಡಾಕ್ಟರು ಆ ನಗು ಕೇಳಿ ಕಿಟಕಿಗೆ ಬಂದು, ರೋಗಿಯನ್ನು ಬೇಸರದಿಂದ ನೋಡಿದರು.

"ವಿನಾಕಾರಣ ನಗು," ಎಂದರು. "ಇವರನ್ನ ಇನ್ನೊಂದು ವಾರ ಹೆಚ್ಚಿಗೆ ಇಟ್ಕೊಳ್ಳಿ."